ನಿಧಿಶೋಧನದ ಆಟವೂ ನಮ್ಮ ಧಾರವಾಡವೂ

ಸಪ್ತಾಪುರದ ಬೀದಿಗಳಲ್ಲಿ ಈಗ ಎತ್ತ ನೋಡಿದರೂ ಸ್ಪರ್ಧಾಪರೀಕ್ಷೆಗಳ ಫಲಕಗಳೇ ಕಾಣುವವು. ನಾಡಿನ ನಾನಾ ಜಿಲ್ಲೆಗಳಿಂದ ಬಂದ ತರುಣ ತರುಣಿಯರು ಇಲ್ಲಿ ಬಾಡಿಗೆಯ ಕೋಣೆಗಳಲ್ಲಿ ಇದ್ದುಕೊಂಡು, ವಾಚನಾಲಯಗಳಲ್ಲಿ ಬೆಳಗಿನಿಂದ ರಾತ್ರಿಯ ವರೆಗೆ ಕುಳಿತು, ಪ್ರಶ್ನೆಗಳಿಗೆ ಉತ್ತರಗಳನ್ನು ಬಾಯಿಪಾಠ ಮಾಡುತ್ತಿರುವರು. ಪ್ರಶ್ನೆಯ ಕೆಳಗೆ ನಾಲ್ಕು ಉತ್ತರಗಳು ಅಚ್ಚಾಗಿರುವವು. ಅವುಗಳಲ್ಲಿ ಒಂದಕ್ಕೆ ಗುರುತು ಹಾಕಿದರೆ ತೀರಿತು. ಈ ಶ್ರಮವನ್ನು ನಾವು ಹಳಿಯುವವರಲ್ಲ. ಎಷ್ಟೋ ಬಡ ಮನೆಗಳ ಅನ್ನವು ಇದರಿಂದಲೇ ಹುಟ್ಟಬೇಕಾಗಿದೆ. ಆದರೆ ಉತ್ತರಗಳನ್ನು ಯಾರೂ ಮುಂದಿಡದ ಪ್ರಶ್ನೆ ಎದುರಾದಾಗ ಎಲ್ಲಿ ಹುಡುಕಬೇಕು, ಯಾರನ್ನು ಕೇಳಬೇಕು, ತಾನು ಮಾಡಿದ ಊಹೆಯನ್ನು ಯಾವಾಗ ಕೈಬಿಡಬೇಕು ಎಂಬದನ್ನು ಕಲಿಸುವ ಆಟವೊಂದುಂಟು. ಅದನ್ನು ಆಡುವ ಅಂಗಳವು ಒಂದು ಇಡಿಯ ಊರು. ನಮ್ಮ ಹಳೆಯ ವಿದ್ಯಾರ್ಥಿನಿಯರೂ ಈಗಿನ ಮಕ್ಕಳ ತಾಯಿತಂದೆಗಳೂ ಅದನ್ನು ಅರಿತುಕೊಂಡರೆ ನಮ್ಮ ಶಾಲೆಯ ಮಕ್ಕಳಿಗೆ ಅದನ್ನು ಆಡಿಸುವದು ಸುಲಭವಾಗುವದೆಂದು ಎಣಿಸಿ ಈ ಲೇಖನವನ್ನು ಬರೆದಿದ್ದೇವೆ.

ಇಂಗ್ಲಿಷಿನಲ್ಲಿ ಈ ಆಟಕ್ಕೆ ಟ್ರೆಷರ್ ಹಂಟ್ ಎಂದೂ ಸ್ಕ್ಯಾವೆಂಜರ್ ಹಂಟ್ ಎಂದೂ ಎರಡು ಹೆಸರುಗಳಿವೆ. ಮೂಲದಲ್ಲಿ ಇವೆರಡೂ ಬೇರೆ ಬೇರೆ. ಮೊದಲನೆಯದರಲ್ಲಿ ಒಂದು ಸುಳುಹು ಮತ್ತೊಂದು ಸುಳುಹಿನ ಬಳಿಗೆ ಒಯ್ಯುವದು, ಅದು ಮೂರನೆಯದಕ್ಕೆ, ಹೀಗೆ ಕೊನೆಯಲ್ಲಿ ನಿಧಿ. ಎರಡನೆಯದರಲ್ಲಿ ಬೇಕಾದ ವಸ್ತುಗಳ ಪಟ್ಟಿಯೊಂದನ್ನು ಕೈಗೆ ಕೊಡುವರು; ಊರೆಲ್ಲ ತಿರುಗಿ ಅವುಗಳನ್ನು ಕೂಡಿಸಿ ತರಬೇಕು. ಈಚೆಗೆ ಎರಡೂ ಬೆರೆತು ಒಂದಾಗಿವೆಯಾದ ಕಾರಣ ನಾವು ಇಲ್ಲಿ ನಿಧಿಶೋಧನವೆಂಬ ಒಂದೇ ಹೆಸರನ್ನು ಬಳಸುವೆವು. ಆಟದ ಕ್ರಮವು ಹೀಗೆ: ಐದೈದು ಜನರ ತಂಡಗಳಾಗುವವು. ಹೊರಡುವ ಸ್ಥಳದಲ್ಲಿ ಪ್ರತಿ ತಂಡಕ್ಕೆ ಮುಚ್ಚಿದ ಲಕೋಟೆಯೊಂದು ದೊರೆಯುವದು. ಅದರೊಳಗೆ ಒಂದು ಒಗಟು. ಒಗಟಿನ ಉತ್ತರವೇ ಊರಿನ ಒಂದು ಸ್ಥಳ. ಸರಿಯಾಗಿ ಬಿಡಿಸಿ ಅಲ್ಲಿಗೆ ಹೋದರೆ ಅಲ್ಲಿ ಕುಳಿತವರು ತಂಡದ ಚೀಟಿಗೆ ಮುದ್ರೆಯೊತ್ತಿ ಎರಡನೆಯ ಲಕೋಟೆಯನ್ನು ಕೊಡುವರು. ತಪ್ಪಾಗಿ ಬಿಡಿಸಿದ ತಂಡಕ್ಕೆ ಅಲ್ಲಿ ಯಾರೂ ಸಿಕ್ಕುವದಿಲ್ಲ. ನಿಂತು ಮತ್ತೆ ವಿಚಾರ ಮಾಡಬೇಕು.

ಇದು ನಗರದ ಆಟವಾಗಿ ಪ್ರಸಿದ್ಧಿಗೆ ಬಂದದ್ದು ಲಂಡನ್ನಿನಲ್ಲಿ. ಅಲ್ಲಿಯ ಕೆಲವರು ಶ್ರೀಮಂತ ತರುಣಿಯರು ಮೊದಲು ಬಸ್ಸಿನಲ್ಲಿಯೂ ನೆಲದೊಳಗಿನ ರೇಲ್ವೆಯಲ್ಲಿಯೂ ಒಬ್ಬರನ್ನೊಬ್ಬರು ಬೆನ್ನಟ್ಟಿ ಆಡುತ್ತಿದ್ದರು. 1924ರ ಹೊತ್ತಿಗೆ ಅದು ನಡುರಾತ್ರಿಯ ಮೋಟಾರು ಓಟವಾಗಿ ವೃತ್ತಪತ್ರಗಳಿಗೆ ಆಹಾರವಾಯಿತು. ಅಮೇರಿಕದಲ್ಲಿ ಎಲ್ಸಾ ಮ್ಯಾಕ್ಸ್‌ವೆಲ್ ಎಂಬ ಔತಣಗಾರ್ತಿಯು 1930ರ ದಶಕದಲ್ಲಿ ವಸ್ತುಗಳ ಪಟ್ಟಿಯ ಆಟವನ್ನು ಶ್ರೀಮಂತರಲ್ಲಿ ಹಬ್ಬಿಸಿದಳು. 1936ರಲ್ಲಿ ಬಂದ ‘ಮೈ ಮ್ಯಾನ್ ಗಾಡ್‌ಫ್ರೇ’ ಎಂಬ ಚಲಚ್ಚಿತ್ರವು ಇಂತಹ ಆಟದಿಂದಲೇ ಆರಂಭವಾಗುವದು. ತರಬೇಕಾದ ವಸ್ತುಗಳ ಪಟ್ಟಿಯಲ್ಲಿ ‘ಎಲ್ಲರೂ ಮರೆತ ಮನುಷ್ಯ’ನೊಬ್ಬನು ಇರುವನು, ರೇಶಿಮೆಯ ಉಡುಪಿನ ಸೋದರಿಯರು ನಗರದ ಕಸದ ದಿಬ್ಬದಲ್ಲಿ ವಾಸಿಸುವ ನಿರುದ್ಯೋಗಿಯೊಬ್ಬನ ಬಳಿಗೆ ಬಂದು, ಹಣ ಕೊಡುವೆವು, ನಮ್ಮೊಡನೆ ಬಾ ಎನ್ನುವರು. ಆ ಕಾಲದ ಅಮೇರಿಕದಲ್ಲಿ ಲಕ್ಷಾಂತರ ಜನರಿಗೆ ಕೆಲಸವಿರಲಿಲ್ಲ. ನಗುವ ಚಿತ್ರವೇ ಆದರೂ ಆ ನೋಟವು ಚುಚ್ಚುವದು. ಈ ಆಟವನ್ನು ಏರ್ಪಡಿಸುವವರು ಮೊದಲು ನೆನೆಯಬೇಕಾದದ್ದು ಅದನ್ನೇ. ಮುಂದೆ ಮತ್ತೆ ಈ ಮಾತಿಗೆ ಬರುವೆವು.

ಶ್ರೀಮಂತರ ಕೈಯಿಂದ ಈ ಆಟವು ವಿದ್ಯಾರ್ಥಿಗಳ ಕೈಗೆ ಬಂದ ಮೇಲೆ ಅದಕ್ಕೆ ಬುದ್ಧಿಯ ತೂಕ ಬಂದಿತು. ಅಮೇರಿಕದ ಮ್ಯಾಸಚೂಸೆಟ್ಸ್ ಶಿಲ್ಪವಿಜ್ಞಾನ ಸಂಸ್ಥೆಯಲ್ಲಿ ಬ್ರಾಡ್ ಶೇಫರ್ ಎಂಬ ವಿದ್ಯಾರ್ಥಿಯು 1981ರಲ್ಲಿ ಒಗಟುಗಳ ಹಾಳೆಯೊಂದನ್ನು ಹಂಚಿದನು. ಅವೆಲ್ಲವನ್ನೂ ಬಿಡಿಸಿದರೆ ಹಳೆಯ ಒಂದು ಸೆಂಟಿನ ನಾಣ್ಯವನ್ನು ಅಡಗಿಸಿಟ್ಟ ಸ್ಥಳವು ತಿಳಿಯುತ್ತಿತ್ತು. ಅಂದಿನಿಂದ ವರ್ಷವರ್ಷವೂ ಜನವರಿ ತಿಂಗಳಲ್ಲಿ ಆ ಆಟವು ನಡೆಯುತ್ತ ಬಂದಿದೆ. ಅಲ್ಲಿಯ ಒಗಟುಗಳಿಗೆ ‘ಹೀಗೆ ಮಾಡಿರಿ’ ಎಂಬ ಸೂಚನೆಯೇ ಇರುವದಿಲ್ಲ. ಏನು ಕೇಳಿದ್ದಾರೆಂಬದನ್ನು ಕಂಡುಹಿಡಿಯುವದೇ ಅರ್ಧ ಕೆಲಸ. ಹಲವು ಒಗಟುಗಳ ಉತ್ತರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅವುಗಳೊಳಗಿಂದಲೇ ಇನ್ನೊಂದು ಮಹಾ ಒಗಟು ಹೊರಡುವದು. ಎಲ್ಲಕ್ಕಿಂತ ನಮಗೆ ಹಿಡಿಸಿದ್ದು ಅಲ್ಲಿಯ ಬಹುಮಾನ: ಗೆದ್ದ ತಂಡವು ಮುಂದಿನ ವರ್ಷದ ಒಗಟುಗಳನ್ನು ಕಟ್ಟಬೇಕು! ಶಿಕಾಗೊ ವಿಶ್ವವಿದ್ಯಾಲಯದಲ್ಲಿ 1987ರಿಂದ ನಡೆಯುತ್ತಿರುವದು ಪಟ್ಟಿಯ ಆಟ. ಅಲ್ಲಿ 1999ರಲ್ಲಿ ಇಬ್ಬರು ವಿದ್ಯಾರ್ಥಿಗಳು ಪಟ್ಟಿಯಲ್ಲಿದೆಯೆಂದು ಅಣುಕ್ರಿಯೆಯ ಚಿಕ್ಕ ಯಂತ್ರವನ್ನೇ ಕಟ್ಟಿ ತೋರಿಸಿದರಂತೆ. ನಮ್ಮ ಮಕ್ಕಳಿಂದ ಅಷ್ಟನ್ನು ನಾವು ಬಯಸುವದಿಲ್ಲ.

ಇದನ್ನು ಓದಿ ಇದು ಪರದೇಶದ ವಿನೋದವೆಂದು ಯಾರೂ ಬದಿಗಿಡಬಾರದು. ಓಡಾಟವು ಅವರದಿದ್ದೀತು, ಒಗಟು ನಮ್ಮದೇ. ಸಂಸ್ಕೃತದಲ್ಲಿ ದಂಡಿಯು ತನ್ನ ಕಾವ್ಯಾದರ್ಶದಲ್ಲಿ ಪ್ರಹೇಲಿಕೆಗಳನ್ನು 16 ಬಗೆಯಾಗಿ ವಿಂಗಡಿಸಿದ್ದಾನೆ. ಕನ್ನಡದಲ್ಲಿ ಅಲ್ಲಮಪ್ರಭುವಿನ ಬೆಡಗಿನ ವಚನಗಳೂ ಕನಕದಾಸರ ಮುಂಡಿಗೆಗಳೂ ಕೇಳುವವನನ್ನು ಸುಮ್ಮನೆ ಕೂಡ್ರಗೊಡುವದಿಲ್ಲ. ಪಂಡಿತರ ಮಾತನ್ನು ಬಿಟ್ಟರೂ, ನಮ್ಮ ಭಾಗದ ಹೆಣ್ಣುಮಕ್ಕಳಿಗೆ ಒಡಪು ಗೊತ್ತಿಲ್ಲವೆ? ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂಬ ರೂಢಿಯಿದ್ದ ಕಾಲದಲ್ಲಿ ಹೊಸ ಮದುಮಗಳನ್ನು ಹೊಸ್ತಿಲಲ್ಲಿ ತಡೆದು ನಾದಿನಿಯರು ಹೆಸರು ಹೇಳೆಂದು ಕಾಡುವರು. ಅವಳು ಪ್ರಾಸವಿಟ್ಟು ನಾಲ್ಕು ಸಾಲು ಕಟ್ಟಿ ಅದರ ನಡುವೆ ಹೆಸರನ್ನು ಅಡಗಿಸಿ ಹೇಳಿ ಒಳಗೆ ಬರುವಳು. ಹೇಳದೆ ಹೇಳುವ ಈ ಕಲೆಯೇ ಸುಳುಹು ಬರೆಯುವ ಕಲೆ. ಮನೆಯಲ್ಲಿ ಅಜ್ಜಿ ಇದ್ದ ಹುಡುಗಿಯು ಈ ಆಟದಲ್ಲಿ ಇತರರಿಗಿಂತ ಒಂದು ಹೆಜ್ಜೆ ಮುಂದೆ ಇರುವಳೆಂದು ನಮಗೆ ಅನಿಸುವದು.

ಅಂಕಗಳಲ್ಲಿ ಗುಟ್ಟು ಬರೆಯುವ ಕಟಪಯಾದಿ ಕ್ರಮವೂ ನಮ್ಮ ದೇಶದ್ದೇ. ಕ ದಿಂದಲೂ ಟ ದಿಂದಲೂ ಪ ದಿಂದಲೂ ಯ ದಿಂದಲೂ ಒಂದು, ಎರಡು, ಮೂರು ಎಂದು ಎಣಿಸುತ್ತ ಹೋಗಿ ಪ್ರತಿ ವ್ಯಂಜನಕ್ಕೆ ಒಂದು ಅಂಕವನ್ನು ಕೊಡುವರು; ಬಂದ ಅಂಕಗಳನ್ನು ಹಿಂದುಮುಂದಾಗಿ ಓದುವರು. ಕರ್ನಾಟಕ ಸಂಗೀತದಲ್ಲಿ ಧೀರಶಂಕರಾಭರಣವು 29ನೆಯ ಮೇಳವೆಂದು ಅದರ ಹೆಸರೇ ಹೇಳುವದು: ಧ ಕಾರಕ್ಕೆ 9, ರ ಕಾರಕ್ಕೆ 2, ತಿರುಗಿಸಿದರೆ 29. ಹೀಗೆಯೇ ಧಾರವಾಡವನ್ನು ಎಣಿಸಿದರೆ ಧ 9, ರ 2, ವ 4, ಡ 3. ತಿರುಗಿಸಿ ಓದಿದರೆ 3429. ಲಕೋಟೆಯಲ್ಲಿ 3429 ಎಂದಷ್ಟೇ ಬರೆದು ಕೊಟ್ಟರೆ ಗಣಿತದಲ್ಲಿ ಜಾಣೆಯಾದವಳು ಅದನ್ನು ಭಾಗಿಸುತ್ತ ಕೂಡ್ರುವಳು. ಸಂಗೀತ ಕಲಿತವಳಿಗೆ ಮಾತ್ರ ತಟ್ಟನೆ ಹೊಳೆದೀತು. ತಂಡದಲ್ಲಿ ಐವರು ಏಕೆ ಬೇಕೆಂಬದಕ್ಕೆ ಇದೇ ಉತ್ತರ.

ಇನ್ನು ನಮ್ಮ ಊರಿನಲ್ಲಿಯೇ ಈ ಆಟವನ್ನು ಹೇಗೆ ಹೂಡಬಹುದೆಂಬದನ್ನು ನೋಡೋಣ. ಮಾದರಿಗಾಗಿ ನಾವೇ ಕೆಲವು ಸುಳುಹುಗಳನ್ನು ಕಟ್ಟಿದ್ದೇವೆ. ಇವು ಇಲ್ಲಿ ಬಯಲಾದ ಕಾರಣ ಆಟಕ್ಕೆ ಇನ್ನು ಬಾರವು.

‘ಹೊಗೆ ಕಾಣದ ಮನೆಯಲ್ಲಿ ಹೊಗೆಬಂಡಿಯ ಲೆಕ್ಕ, ಬರೆಯುವವರು ಹೋದರು, ಓದುವವರು ಬಂದರು.’ ದಿನವೂ ಸಪ್ತಾಪುರದಿಂದ ಕರ್ನಾಟಕ ಕಾಲೇಜಿನ ಮುಂದೆ ಹಾದುಹೋಗುವ ಹುಡುಗಿಯರಲ್ಲಿ ಎಷ್ಟು ಜನರಿಗೆ ಆ ಕಟ್ಟಡವು ಒಂದು ಕಾಲಕ್ಕೆ ಸದರ್ನ್ ಮರಾಠಾ ರೇಲ್ವೆಯ ಕಚೇರಿಯಾಗಿತ್ತೆಂದು ಗೊತ್ತು? 1908ರಲ್ಲಿ ಆ ಕಂಪನಿಯು ಮದ್ರಾಸ್ ರೇಲ್ವೆಯೊಡನೆ ಕೂಡಿಹೋಯಿತು. 1917ರಲ್ಲಿ ಕಾಲೇಜು ಹುಟ್ಟಿತು. ರೇಲ್ವೆಯ ಕಟ್ಟಡವು ವಿದ್ಯೆಯ ಮನೆಯಾಯಿತು. ಈ ಸುಳುಹನ್ನು ಬಿಡಿಸಲು ಪುಸ್ತಕವಾದರೂ ಬೇಕು, ರೇಲ್ವೆಯಲ್ಲಿ ಕೆಲಸ ಮಾಡಿದ ಮನೆತನದ ಹಿರಿಯರಾದರೂ ಬೇಕು.

‘ತಾಯಿಯ ಹೆಸರನ್ನು ಮುಂದಿಟ್ಟು ತನ್ನದನ್ನು ಹಿಂದಿಟ್ಟವನ ಮನೆಯೆದುರು ನಿಂತ ನೀರು.’ ಇದು ಸುಲಭ. ಅಂಬಿಕಾತನಯದತ್ತ ಎಂಬ ಹೆಸರಿನಲ್ಲಿ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರು ತಾಯಿಯನ್ನೇ ಮುಂದೆ ನಿಲ್ಲಿಸಿದ್ದಾರೆ, ಸ್ಥಳವು ಸಾಧನಕೇರಿ. ಆದರೆ ಅಲ್ಲಿಗೆ ಹೋದ ಮೇಲೆ ಎರಡನೆಯ ಪ್ರಶ್ನೆಯೊಂದನ್ನು ಇಡಬೇಕು: ಇವರಿಗೆ ಜ್ಞಾನಪೀಠ ಪ್ರಶಸ್ತಿಯನ್ನು ತಂದ ಕೃತಿಯ ಹೆಸರಿನಲ್ಲಿರುವ ಅಂಕೆ ಎಷ್ಟು? ‘ನಾಕುತಂತಿ’ಯ ನಾಲ್ಕನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಅದು ಮುಂದೆ ಬೀಗದ ಅಂಕೆಯಾಗಿ ಉಪಯೋಗಕ್ಕೆ ಬರುವದು.

‘ಹುಟ್ಟು ಗಂಗೆಯ ಕಡೆ, ಹೆಸರು ಈ ಕಡೆ, ಹಾಲಿನ ಮಗು, ಕಂದು ಮೈ, ಮೇಲೆ ಸಕ್ಕರೆಯ ಧೂಳು.’ ನಮ್ಮ ಪೇಢೆಯೆಂದು ಹಸುಳೆಯೂ ಹೇಳುವದು. ಆದರೆ ಗಂಗೆ ಏಕೆ? ಉತ್ತರ ಪ್ರದೇಶದ ಉನ್ನಾವದ ಕಡೆಯಿಂದ ವಲಸೆ ಬಂದ ಠಾಕೂರ ಮನೆತನವು ಈ ಸಿಹಿಯನ್ನು ಇಲ್ಲಿ ಮಾಡತೊಡಗಿತು. ಧಾರವಾಡದ ಹೆಸರಿನಿಂದ ಅದಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ. ಆದ್ದರಿಂದ ಉತ್ತರವು ಲೈನ್ ಬಜಾರು. ಈ ನಿಲುಗಡೆಯಲ್ಲಿ ತಂಡಗಳು ಹೆಚ್ಚು ಹೊತ್ತು ಕಳೆಯುವವೆಂದು ಮೊದಲೇ ಲೆಕ್ಕ ಹಿಡಿದಿರತಕ್ಕದ್ದು.

‘ಒಂದೇ ಮೋಡದ ಎರಡು ಹನಿ, ಒಂದು ಪಡುವಣ ಕಡಲಿಗೆ, ಒಂದು ಮೂಡಣ ಕಡಲಿಗೆ. ಪಡುವಣಕ್ಕೆ ಹೋಗುವ ಹನಿ ಎಲ್ಲಿ ಹೊಳೆಯ ಹೆಸರು ಪಡೆಯುವದು?’ ನಮ್ಮ ಸುಳುಹುಗಳಲ್ಲಿ ಇದೇ ನಮಗೆ ಹೆಚ್ಚು ಪ್ರಿಯವಾದದ್ದು. ಧಾರವಾಡವು ನೀರು ಇಬ್ಭಾಗವಾಗುವ ಏಣಿನ ಮೇಲೆ ಕುಳಿತಿದೆ. ಮೂಡಣಕ್ಕೆ ಇಳಿದ ನೀರು ಬೆಣ್ಣಿಹಳ್ಳವನ್ನು ಸೇರಿ, ಮಲಪ್ರಭೆಯ ಮೂಲಕ ಕೃಷ್ಣೆಗೆ ಕೂಡಿ ಬಂಗಾಲದ ಉಪಸಾಗರಕ್ಕೆ ಹೋಗುವದು. ಪಡುವಣಕ್ಕೆ ಇಳಿದದ್ದು ಶಾಲ್ಮಲೆಯಾಗಿ ಬೇಡ್ತಿಯನ್ನು ಸೇರಿ, ಗಂಗಾವಳಿಯೆಂಬ ಹೆಸರಿನಿಂದ ಅರಬ್ಬೀ ಸಮುದ್ರಕ್ಕೆ. ಶಾಲ್ಮಲೆಯ ಉಗಮವು ಸೋಮೇಶ್ವರ ದೇವಾಲಯದ ಬಳಿಯಲ್ಲಿ. ಭೂಗೋಲದ ಪುಸ್ತಕದಲ್ಲಿ ‘ಜಲವಿಭಾಜಕ’ ಎಂಬ ಶಬ್ದವನ್ನು ಹತ್ತು ಸಲ ಬರೆದ ಹುಡುಗಿಯು ತಾನು ನಿತ್ಯ ಅದರ ಮೇಲೆಯೇ ನಡೆದಾಡುತ್ತಿರುವೆನೆಂದು ಅಲ್ಲಿ ನಿಂತಾಗ ತಿಳಿಯುವಳು.

ಹೀಗೆ ಆರೇಳು ನಿಲುಗಡೆಗಳಾದರೆ ಒಂದು ದಿನಕ್ಕೆ ಸಾಕು. ಕಡೆಯ ಲಕೋಟೆಯಲ್ಲಿ ಹೊಸ ಒಗಟನ್ನು ಇಡದೆ, ಹಿಂದಿನ ಉತ್ತರಗಳಿಂದಲೇ ಅಕ್ಷರಗಳನ್ನು ತೆಗೆಯಲು ಹೇಳಬೇಕು. ದೃಷ್ಟಾಂತಕ್ಕಾಗಿ, ಎರಡು ನಿಲುಗಡೆಗಳ ಉತ್ತರವು ಬಾಸೆಲ್ ಮಿಶನ್ ಮತ್ತು 1890ರಲ್ಲಿ ಸ್ಥಾಪಿತವಾದ ವಿದ್ಯಾವರ್ಧಕ ಸಂಘ ಎಂದಿಟ್ಟುಕೊಂಡರೆ, ಮೊದಲಕ್ಷರಗಳು ‘ಬಾ’ ಮತ್ತು ‘ವಿ’. ಬಾವಿ! ಯಾವ ಬಾವಿ? ‘ಏಳರ ಊರಿನದು’ ಎಂಬ ಒಂದೇ ಮಾತು ಲಕೋಟೆಯಲ್ಲಿದ್ದರೆ, ಏಳು ಎಂದರೆ ಸಪ್ತವೆಂದು ತಿಳಿದ ತಂಡವು ತಾನು ಬೆಳಿಗ್ಗೆ ಹಾದುಬಂದ ಸಪ್ತಾಪುರ ಬಾವಿಯ ಕಡೆಗೆ ಓಡುವದು.

ಹುಬ್ಬಳ್ಳಿಯನ್ನೂ ಕೂಡಿಸಿಕೊಳ್ಳಬೇಕೆಂದರೆ ಕೆಲಸ ದೊಡ್ಡದಾಗುವದು. 1962ರಿಂದ ಒಂದೇ ಮಹಾನಗರ ಸಭೆಯ ಹೆಸರಿನಲ್ಲಿ ಎರಡೂ ಊರುಗಳು ಜೋಡಿಯಾದವಾದರೂ ನಡುವೆ 20 ಕಿಲೋಮೀಟರು ದಾರಿ ಇದ್ದೇ ಇದೆ. ಚಿಗರಿ ಬಸ್ಸಿನಲ್ಲಿ ಹೋಗಬಹುದು. ಅಲ್ಲಿಯ ರೇಲ್ವೆ ನಿಲ್ದಾಣದಲ್ಲಿ 2023ರ ಮಾರ್ಚ್ ತಿಂಗಳಲ್ಲಿ ಉದ್ಘಾಟನೆಯಾದ 1507 ಮೀಟರು ಉದ್ದದ ಪ್ಲಾಟ್‌ಫಾರ್ಮು ಸುಳುಹಿಗೆ ಒಳ್ಳೆಯ ವಸ್ತು. ಸಹಜ ನಡಿಗೆಯಿಂದ ಒಂದು ತುದಿಯಿಂದ ಇನ್ನೊಂದಕ್ಕೆ ಹೋಗಲು 20 ನಿಮಿಷ ಹಿಡಿಯುವದು. ಮೊದಲ ವರ್ಷ ಧಾರವಾಡವೊಂದೇ ಸಾಕೆಂದು ನಮ್ಮ ಅಭಿಪ್ರಾಯ.

ಒಗಟು ಕಟ್ಟುವವರ ಹೊಣೆಯು ಬಿಡಿಸುವವರದಕ್ಕಿಂತ ದೊಡ್ಡದು. ಇದಕ್ಕೆ ಇಂಗ್ಲಂಡದ ಒಂದು ಕಥೆಯನ್ನು ಹೇಳಬೇಕು. 1979ರಲ್ಲಿ ಕಿಟ್ ವಿಲಿಯಮ್ಸ್ ಎಂಬ ಚಿತ್ರಕಾರನು ‘ಮಾಸ್ಕರೇಡ್’ ಎಂಬ ಚಿತ್ರಪುಸ್ತಕವನ್ನು ಬರೆದು, ತಾನೇ ಮಾಡಿದ ಬಂಗಾರದ ಮೊಲವೊಂದನ್ನು ನೆಲದಲ್ಲಿ ಹೂತು, ಪುಸ್ತಕದ ಚಿತ್ರಗಳೊಳಗೆ ಅದರ ಗುಟ್ಟನ್ನು ಅಡಗಿಸಿದನು. ಚಿತ್ರದ ಪ್ರಾಣಿ ಮತ್ತು ಮನುಷ್ಯರ ಕಣ್ಣಿನಿಂದ ಉದ್ದದ ಬೆರಳಿನ ತುದಿಯ ಮೂಲಕ ಗೆರೆಯೆಳೆದರೆ ಅದು ಅಂಚಿನಲ್ಲಿಯ ಒಂದು ಅಕ್ಷರವನ್ನು ಮುಟ್ಟುತ್ತಿತ್ತು. ಆ ಅಕ್ಷರಗಳನ್ನು ಕೂಡಿಸಿದರೆ ಆಂಪ್ಟ್‌ಹಿಲ್ ಎಂಬ ಊರಿನ ಒಂದು ಶಿಲುಬೆಯ ಸ್ತಂಭವೂ, ಹಗಲಿರುಳು ಸಮನಾದ ದಿನದ ಮಧ್ಯಾಹ್ನ ಅದರ ನೆರಳು ಬೀಳುವ ಸ್ಥಳವೂ ತಿಳಿಯುತ್ತಿದ್ದವು. ಸಾವಿರಾರು ಜನರು ಹುಚ್ಚೆದ್ದು, ಎಲ್ಲೆಲ್ಲಿಯೋ ನೆಲವನ್ನು ಅಗೆದರು. 1982ರಲ್ಲಿ ಒಬ್ಬನು ಮೊಲವನ್ನು ಪಡೆದನು. ಅದೇ ಹೊತ್ತಿಗೆ ಇಬ್ಬರು ಶಾಲಾಶಿಕ್ಷಕರು ನ್ಯಾಯವಾಗಿ ಗುಟ್ಟನ್ನು ಬಿಡಿಸಿದ್ದರು. ಪಡೆದವನಿಗೆ ಸ್ಥಳದ ಸುಳಿವು ಚಿತ್ರಕಾರನನ್ನು ಬಲ್ಲವರ ಕಡೆಯಿಂದ ಸಿಕ್ಕಿತ್ತೆಂಬದು 1988ರಲ್ಲಿ ಬಯಲಾಯಿತು. ಚಿತ್ರಕಾರನ ತಪ್ಪಿಲ್ಲ, ಆದರೆ ನ್ಯಾಯವಾಗಿ ಬಿಡಿಸಿದವರ ಕೈ ಬರಿದಾಗಿಯೇ ಉಳಿಯಿತು. ಆದ್ದರಿಂದ ಒಗಟು ಕಟ್ಟುವ ಶಿಕ್ಷಕಿಯರ ಮನೆಯ ಮಕ್ಕಳು ಆ ವರ್ಷ ಆಡದಿರುವದು ಲೇಸು. ಕಟ್ಟಿದ ಒಗಟನ್ನು ಆಡದವರಿಬ್ಬರಿಗೆ ಕೊಟ್ಟು ಮೊದಲೇ ಬಿಡಿಸಿ ನೋಡಬೇಕು. ಎರಡು ಉತ್ತರಗಳು ಹೊಂದುವದಾದರೆ ಆ ಒಗಟನ್ನು ಹರಿದು ಹಾಕಬೇಕು.

ಅಗೆಯುವ ಮಾತು ಬಂದ ಕಾರಣ ಇನ್ನೊಂದನ್ನು ಹೇಳಲೇಬೇಕಾಗಿದೆ. ನಮ್ಮ ನಾಡಿನಲ್ಲಿ ನಿಧಿಯ ಆಸೆಗೆ ಹಾಳು ಗುಡಿಗಳ ಗರ್ಭಗೃಹಗಳನ್ನು ಅಗೆದು ವಿಗ್ರಹಗಳನ್ನು ಒಡೆದವರ ಸುದ್ದಿಗಳು ಮೇಲಿಂದ ಮೇಲೆ ಬರುವವು. ನೆಲದಲ್ಲಿ ಸಿಕ್ಕ 10 ರೂಪಾಯಿಗೆ ಮೀರಿದ ನಿಧಿಯನ್ನು ಕಲೆಕ್ಟರರಿಗೆ ತಿಳಿಸತಕ್ಕದ್ದೆಂದು 1878ರ ಕಾಯಿದೆಯೇ ಇದೆ. ನಮ್ಮ ಆಟದಲ್ಲಿ ಯಾವದನ್ನೂ ಹೂಳುವದಿಲ್ಲ, ಅಗೆಯುವದಿಲ್ಲ, ಕೀಳುವದಿಲ್ಲ; ಹುಡುಗಿಯರ ಕೈಯಲ್ಲಿ ಪೆನ್ಸಿಲು ಮತ್ತು ಚೀಟಿಯ ಹೊರತು ಬೇರೊಂದು ಇರತಕ್ಕದ್ದಲ್ಲ. ಆ ಚಲಚ್ಚಿತ್ರದ ಪಾಠವನ್ನೂ ಇಲ್ಲಿ ಕೂಡಿಸೋಣ: ಯಾವ ಮನುಷ್ಯನನ್ನೂ ಪಟ್ಟಿಯ ವಸ್ತುವಾಗಿ ಮಾಡಕೂಡದು. ಹೂ ಮಾರುವ ಅಜ್ಜಿಯನ್ನು ದಾರಿ ಕೇಳಬಹುದು, ಅವಳ ವ್ಯಾಪಾರ ಮುಗಿದ ಮೇಲೆ. ‘ಅಜ್ಜೀ’ ಎಂದು ಕರೆದು, ಉಪಕಾರ ಸ್ಮರಿಸಿ ಬರಬೇಕು. ಅವಳ ಚಿತ್ರವನ್ನು ತೆಗೆದುಕೊಂಡು ಬಂದರೆ 10 ಅಂಕಗಳು ಎಂಬ ಆಟ ನಮಗೆ ಬೇಡ.

ಈಗ ತಾಯಿತಂದೆಗಳ ಮಾತು. ಮಗಳನ್ನು ಊರು ತಿರುಗಲು ಕಳಿಸುವದೆ ಎಂಬ ಅಂಜಿಕೆಯನ್ನು ನಾವು ಹಗುರಾಗಿ ಎಣಿಸುವದಿಲ್ಲ. ಅದಕ್ಕೆ ಕಾರಣಗಳಿಲ್ಲವೆಂದು ಹೇಳುವ ಧೈರ್ಯ ನಮಗಿಲ್ಲ. ಆದರೂ ಒಂದನ್ನು ಕೇಳುವೆವು. ಹತ್ತು ವರುಷ ಈ ಊರಿನಲ್ಲಿ ಓದಿದ ಹುಡುಗಿಗೆ ಮನೆಯಿಂದ ಶಾಲೆಗೆ, ಶಾಲೆಯಿಂದ ಟ್ಯೂಶನ್ನಿಗೆ ಹೋಗುವ ಎರಡು ರಸ್ತೆಗಳ ಹೊರತು ಬೇರೇನೂ ಗೊತ್ತಿಲ್ಲದಿದ್ದರೆ, ನಾಳೆ ಅವಳು ಬೆಂಗಳೂರಿಗೋ ಪುಣೆಗೋ ಕೆಲಸಕ್ಕೆ ಹೋದಾಗ ದಾರಿ ಕೇಳುವ ಧೈರ್ಯವನ್ನು ಎಲ್ಲಿಂದ ತರುವಳು? 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಬಾಲವೀರರ ಮೇಳ ಕೂಡಿದಾಗ ಕೆಲವರು ಹುಡುಗಿಯರು ಕರೆಯದೆಯೇ ಬಂದು ತಮಗೂ ಸ್ಥಳ ಬೇಕೆಂದರು. ಮರುವರ್ಷವೇ ಗರ್ಲ್ ಗೈಡ್ಸ್ ಸಂಸ್ಥೆ ಹುಟ್ಟಿತು. 1911ರಲ್ಲಿ ಜಬಲಪುರದಲ್ಲಿ ನಮ್ಮ ದೇಶದ ಮೊದಲ ತಂಡವಾಯಿತು. ಹೆಜ್ಜೆಯ ಜಾಡನ್ನು ಹಿಡಿಯುವದು, ತಟ್ಟೆಯಲ್ಲಿಟ್ಟ ವಸ್ತುಗಳನ್ನು ಒಂದು ನಿಮಿಷ ನೋಡಿ ನೆನಪಿನಿಂದ ಹೇಳುವದು, ಕಲ್ಲು ಕಡ್ಡಿಗಳಿಂದ ದಾರಿಯಲ್ಲಿ ಗುರುತು ಬಿಡುವದು, ಇವೆಲ್ಲ ಅವರು ಆಟವಾಗಿಯೇ ಕಲಿಯುವ ವಿದ್ಯೆಗಳು. ನಿಧಿಶೋಧನವು ಅದರದೇ ದೊಡ್ಡ ಅಕ್ಕ.

ಏರ್ಪಾಡು ಹೀಗಿರಲಿ. ದಸರೆಯ ರಜೆ ಮುಗಿದು ಮಳೆ ಹೋದ ಮೇಲಿನ ಒಂದು ಶನಿವಾರ, ಬೆಳಿಗ್ಗೆ 9 ಗಂಟೆಗೆ ಆರಂಭ. ಪ್ರತಿ ತಂಡದ ಹಿಂದೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳು ನಡೆಯುವಳು. ಅಪಾಯವಿದ್ದರೆ ಹೊರತು ಅವಳು ಬಾಯಿ ತೆರೆಯತಕ್ಕದ್ದಲ್ಲ. ಮೊಬೈಲ್ ಫೋನು ಅವಳ ಚೀಲದಲ್ಲಿ ಮಾತ್ರ, ಕರೆಗಾಗಿ ಮಾತ್ರ. ಹುಡುಗಿಯರ ಕೈಗೆ ಅದು ಬಂದರೆ ಒಗಟುಗಳನ್ನೆಲ್ಲ ಯಂತ್ರವೇ ಬಿಡಿಸಿ ಕೊಟ್ಟು, ಮಕ್ಕಳು ಬರಿಯ ಕಾಲುಗಳಾಗುವರು. ಬಸ್ಸಿನ ಖರ್ಚಿನ ಚಿಂತೆಯಿಲ್ಲ. 2023ರ ಜೂನ್ 11ರಿಂದ ರಾಜ್ಯದ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೀಟಿನ ಹಣವಿಲ್ಲ. ಒಂದೇ ಒಗಟಿನಲ್ಲಿ 15 ನಿಮಿಷ ಸಿಕ್ಕಿಬಿದ್ದ ತಂಡವು ಸಹಾಯದ ಚೀಟಿಯನ್ನು ಒಡೆಯಬಹುದು, ಎರಡು ಅಂಕಗಳನ್ನು ಕಳೆದುಕೊಂಡು. ಮಧ್ಯಾಹ್ನದ ಬುತ್ತಿ ಮನೆಯದು. ಸಾಯಂಕಾಲ 4 ಗಂಟೆಗೆ, ಗೆದ್ದವರೂ ಸೋತವರೂ ಎಲ್ಲಿದ್ದರಲ್ಲಿಂದ ಶಾಲೆಗೆ ಹಿಂದಿರುಗತಕ್ಕದ್ದು.

ಹಿಂದಿರುಗಿದವರ ತಲೆಗಳನ್ನು ಎಣಿಸಿ, ಪ್ರತಿ ಹುಡುಗಿಯನ್ನೂ ಅವಳ ಮನೆಯವರ ಕೈಗೆ ಒಪ್ಪಿಸಿದ ಮೇಲೆ, ಕೊನೆಗೆ ಉಳಿದ ಶಿಕ್ಷಕಿಯು ಬಾಗಿಲ ಬಳಿಯ ಮಣ್ಣಿನಲ್ಲಿ ಒಂದು ಸುತ್ತನ್ನು ಬರೆದು ಅದರ ನಡುವೆ ಒಂದು ಚುಕ್ಕೆಯನ್ನು ಇಡಬೇಕು. ಗೈಡುಗಳ ದಾರಿಗುರುತುಗಳಲ್ಲಿ ಅದಕ್ಕೆ ‘ಮನೆಗೆ ಹೋದೆ’ ಎಂದು ಅರ್ಥ.